ಮೊಬೈಲ್ ಸೋತಲ್ಲಿಂದ ಕ್ಯಾಮೆರಾ ಹುಡುಕಿ

ಕ್ಯಾಮೆರಾ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಮಾತು ‘ಯಾವುದು ಒಳ್ಳೆಯದು?’ ಎಂಬುದು. ಅಂಗಡಿಯವರಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿಲ್ಲ. ಬಹಳ ದಿನದಿಂದ ಕಪಾಟಿನಲ್ಲಿ ಉಳಿದುಕೊಂಡಿದ್ದ ಮಾದರಿಯೇ ಆಗ ಒಳ್ಳೆಯದಾಗಿ ಹೊರಗೆ ಬರುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಕ್ಕಿ ಹುಡುಕುವವರಿಗೆ ಒಪ್ಪುವ ಕ್ಯಾಮೆರಾ ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಭಾರ. ಬೆಳಗಾವಿಯ ಮದುವೆ ಸ್ಟುಡಿಯೊ ನಂಬಿಕೊಂಡಿರುವ ಯಂತ್ರವನ್ನು ವಿಜಯಪುರದ ಕಾಲೇಜು ಹುಡುಗ ಸಾಲ ಮಾಡಿ ತಂದರೆ ಅವನಿಗೆ ಉಳಿಯುವುದು ಕಂತು ಮಾತ್ರ.

ಆದ್ದರಿಂದ ಇಲ್ಲಿ ‘ಈ ಐದರಲ್ಲಿ ಒಂದನ್ನು ಕೊಳ್ಳಿ’ ಎಂಬ ಪಟ್ಟಿ ಇಲ್ಲ. ಕೆಲವು ಮಾದರಿಗಳ ಹೆಸರು ಬರುತ್ತವೆ, ಅವು ಉದಾಹರಣೆಗೆ. ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಮಾಡೋಣ. ಮೊದಲ ಹೆಜ್ಜೆಗೆ ಹಣವೂ ಬೇಡ, ಅಂಗಡಿಯೂ ಬೇಡ.

ಹೆಜ್ಜೆ 1: ಕೆಟ್ಟ ಚಿತ್ರಗಳನ್ನು ಒಟ್ಟು ಮಾಡಿ

ಕಳೆದ ಒಂದು ವರ್ಷದಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ನೋಡುತ್ತ ಹೋಗಿ. ಚೆನ್ನಾಗಿ ಬಂದವುಗಳನ್ನು ಬಿಡಿ. ಆಸೆಯಿಂದ ತೆಗೆದು, ನೋಡಿದಾಗ ಮನಸ್ಸು ಮುದುಡಿದ ಚಿತ್ರಗಳನ್ನು ಮಾತ್ರ ಬೇರೆ ಫೋಲ್ಡರಿಗೆ ಹಾಕಿ. ಅಳಿಸಿಬಿಟ್ಟಿದ್ದರೆ ನೆನಪಿನಿಂದ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಕೆಟ್ಟ ಕಾರಣವನ್ನು ಬರೆಯಿರಿ. ಹೆಚ್ಚುಕಡಿಮೆ ಎಲ್ಲವೂ ನಾಲ್ಕರಲ್ಲಿ ಒಂದಾಗಿರುತ್ತವೆ: ಕತ್ತಲಿತ್ತು, ದೂರವಿತ್ತು, ಓಡುತ್ತಿತ್ತು, ಬಣ್ಣ ಬೇರೆ ಬಂತು.

ಕತ್ತಲೆಗೆ ದೊಡ್ಡ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಫಲಕ) ಮತ್ತು ಅಗಲ ಬಾಯಿಯ ಲೆನ್ಸ್ ಬೇಕು. ದೂರಕ್ಕೆ ಉದ್ದದ ಲೆನ್ಸ್ ಬೇಕು. ಓಟಕ್ಕೆ ಚುರುಕಾದ ಆಟೋಫೋಕಸ್ ಬೇಕು. ಬಣ್ಣಕ್ಕೆ ಹೊಸ ಕ್ಯಾಮೆರಾ ಬೇಕಾಗದೆಯೂ ಇರಬಹುದು. ಈ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ಕೇಳಿದರೆ ಮಾತು ಲಕ್ಷಗಳಿಗೆ ಹೋಗುತ್ತದೆ. ಒಂದನ್ನು ಮೊದಲನೆಯದಾಗಿ, ಇನ್ನೊಂದನ್ನು ಎರಡನೆಯದಾಗಿ ಇಟ್ಟುಕೊಂಡರೆ ಸಾಧಾರಣ ಸಂಬಳದವರೂ ನೆಮ್ಮದಿಯಿಂದ ಕೊಳ್ಳಬಹುದು.

ಫೋಲ್ಡರಿನಲ್ಲಿ ಏನೂ ಬೀಳದಿದ್ದರೆ? ಮಗಳ ಹುಟ್ಟುಹಬ್ಬ, ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ಗೆಳೆಯರ ಗುಂಪು, ಕಿತ್ತೂರು ಕೋಟೆಯ ಮುಂದೆ ಅಪ್ಪ ಅಮ್ಮ, ಎಲ್ಲವೂ ಚೆನ್ನಾಗಿಯೇ ಬಂದಿದ್ದರೆ ಕ್ಯಾಮೆರಾ ಕೊಳ್ಳಬೇಡಿ. ವಿಶೇಷವಾಗಿ, ‘ಮೊಬೈಲಿಗಿಂತ ಮೇಲು’ ಎಂದು ಹೇಳಿ ಮಾರುವ ಅಗ್ಗದ ಕಿಸೆ ಕ್ಯಾಮೆರಾಗಳ ಹತ್ತಿರ ಸುಳಿಯಬೇಡಿ. ಅವುಗಳಲ್ಲಿ ಬಹುಪಾಲಿನ ಸೆನ್ಸರ್ ಇಂದಿನ ಒಳ್ಳೆಯ ಮೊಬೈಲಿನದಕ್ಕಿಂತ ಚಿಕ್ಕದು.

ಹೆಜ್ಜೆ 2: ಬಣ್ಣದ ದೂರನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ರಬಕವಿ ಬನಹಟ್ಟಿಯ ಬಟ್ಟೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿ ಮಾರುವವರು ಈಗ ಬಹಳ ಮಂದಿ. ಅವರ ದೂರು ಒಂದೇ: ‘ಚಿತ್ರದಲ್ಲಿ ಒಂದು ಬಣ್ಣ, ಕೈಗೆ ಬಂದದ್ದು ಇನ್ನೊಂದು ಬಣ್ಣ’ ಎಂದು ಗಿರಾಕಿ ಸೀರೆಯನ್ನು ವಾಪಸು ಕಳಿಸುತ್ತಾರೆ. ಪರಿಹಾರ ಎಂದುಕೊಂಡು ಅರವತ್ತು ಸಾವಿರದ ಕ್ಯಾಮೆರಾ ತಂದವರೂ ಇದ್ದಾರೆ. ದೂರು ಹಾಗೆಯೇ ಉಳಿದಿರುತ್ತದೆ.

ಕಾರಣ ಸರಳ. ಚೌಕಟ್ಟಿನ ತುಂಬ ಕೆಂಪು ಸೆರಗು ಹರಡಿದ್ದರೆ, ಬೆಳಕೇ ಕೆಂಪಾಗಿದೆ ಎಂದು ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ತಪ್ಪಾಗಿ ಎಣಿಸಿ, ಅದನ್ನು ಸರಿಪಡಿಸಲು ನೀಲಿ ಹಸಿರನ್ನು ಬೆರೆಸುತ್ತದೆ. ಕಡು ಕೆಂಪು ಕಂದಿ ಹೋಗುತ್ತದೆ. ಅದರ ಮೇಲೆ ಅಂಗಡಿಯ ಎಲ್‌ಇಡಿ ಪಟ್ಟಿ, ಬಾಗಿಲಿನಿಂದ ಬರುವ ಬಿಸಿಲು, ಗೋಡೆಯ ಹಸಿರು ಬಣ್ಣ ಎಲ್ಲ ಸೇರಿದರೆ ಎಂಥ ಕ್ಯಾಮೆರಾಕ್ಕೂ ದಿಕ್ಕು ತಪ್ಪುತ್ತದೆ.

ಮಾಡಬೇಕಾದದ್ದು ಇಷ್ಟು. ದೀಪಗಳನ್ನೆಲ್ಲ ಆರಿಸಿ. ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ ಅಥವಾ ಉತ್ತರದ ಕಿಟಕಿಯ ಬಳಿ ಸೀರೆ ಹರಡಿ. ಫೋಟೊ ಅಂಗಡಿಯಲ್ಲಿ ಸಿಗುವ ಬೂದು ಕಾರ್ಡನ್ನು ಸೀರೆಯ ಮೇಲಿಟ್ಟು, ಅದನ್ನು ಆಧಾರವಾಗಿಟ್ಟುಕೊಂಡು ವೈಟ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಿ. ಹಲವು ಮೊಬೈಲ್‌ಗಳ ಪ್ರೊ ಮೋಡ್‌ನಲ್ಲಿಯೂ ಬೆಳಕಿನ ಬಣ್ಣವನ್ನು ಕೈಯಿಂದ ನಿಗದಿ ಮಾಡಬಹುದು. ಇಷ್ಟಾದ ಮೇಲೂ ಸೆರಗಿನ ಕೊಂಡಿ, ದಡಿಯ ನೇಯ್ಗೆ, ಕಸೂತಿಯ ಎಳೆ ಸ್ಪಷ್ಟವಾಗಿ ಕಾಣಬೇಕೆಂದರೆ ಬಳಸಿದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಮತ್ತು ಅದರ ಜೊತೆಗೇ ಬರುವ ಕಿಟ್ ಲೆನ್ಸ್ ಸಾಕು. ಸೀರೆ ಓಡಿಹೋಗುವುದಿಲ್ಲ, ಹಗಲು ಬೆಳಕೂ ಇದೆ. ಉಳಿದ ಹಣದಲ್ಲಿ ಟ್ರೈಪಾಡ್ ಕೊಳ್ಳಿ.

ಹೆಜ್ಜೆ 3: ಕತ್ತಲೆಯ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕ್ಯಾಮೆರಾದ ಬೆಲೆಯ ಬಹುಪಾಲು ಕತ್ತಲೆಯ ಬೆಲೆಯೇ ಆಗಿದೆ.

ಸೆನ್ಸರ್ ದೊಡ್ಡದಾದಷ್ಟೂ ಅದು ಹಿಡಿಯುವ ಬೆಳಕು ಹೆಚ್ಚು, ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಕೊಳೆ ಕಡಿಮೆ. ಅಗ್ಗದ ಕಿಸೆ ಕ್ಯಾಮೆರಾ ಮತ್ತು ಉದ್ದ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳಲ್ಲಿರುವ 1/2.3 ಇಂಚಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ್ದು ಸುಮಾರು 23.5 × 15.6 ಮಿ.ಮೀ., ಅಂದರೆ 366 ಚದರ ಮಿಲಿಮೀಟರಿನಷ್ಟು. ಫುಲ್ ಫ್ರೇಮ್ 36 × 24 ಮಿ.ಮೀ., ಅಂದರೆ 864. ಮೊದಲನೆಯದಕ್ಕಿಂತ ಎರಡನೆಯದು ಹದಿಮೂರು ಪಟ್ಟು, ಮೂರನೆಯದು ಮೂವತ್ತು ಪಟ್ಟು ದೊಡ್ಡದು. ಮೊಬೈಲ್‌ಗಳು ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಈ ಕೊರತೆಯನ್ನು ಮುಚ್ಚುತ್ತವೆ. ಎದುರಿಗಿರುವುದು ಅಲುಗಾಡಿತೆಂದರೆ ಆ ಉಪಾಯ ಕೈಕೊಡುತ್ತದೆ.

ಮೆಗಾಪಿಕ್ಸೆಲ್ ಸಂಖ್ಯೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. 24 ಮೆಗಾಪಿಕ್ಸೆಲ್ ಎಂದರೆ 6000 × 4000 ಚುಕ್ಕೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 20 × 13 ಇಂಚಿನ ಚಿತ್ರ ಅಚ್ಚಾಗುತ್ತದೆ. ಮದುವೆ ಆಲ್ಬಮ್ಮಿನ 12 × 18 ಪುಟಕ್ಕೆ ಇದು ಬೇಕಾದದ್ದಕ್ಕಿಂತ ಹೆಚ್ಚೇ. 4ಕೆ ಟಿವಿ ತೋರಿಸುವುದು ಕೇವಲ 8.3 ಮೆಗಾಪಿಕ್ಸೆಲ್. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಎಷ್ಟು ಬೇಕು ಎಂದು ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಈಗ ನಮ್ಮ ಕಡೆಯ ಎರಡು ಕತ್ತಲೆಗಳನ್ನು ನೋಡಿ. ಒಂದು, ಬಾದಾಮಿಯ ಗುಹೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಒಳಗೆ ಹಗಲಿನಲ್ಲಿಯೂ ಬೆಳಕು ಕಡಿಮೆ. ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿ ಇಲ್ಲದೆ ಟ್ರೈಪಾಡ್ ಹೂಡುವಂತಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ಆದರೆ ವಿಷ್ಣುವಿನ ಶಿಲ್ಪ ಅಲುಗಾಡುವುದಿಲ್ಲ. ಅಲುಗಾಡುವುದು ನಿಮ್ಮ ಕೈ. ಹೀಗಾಗಿ ಲೆನ್ಸಿನಲ್ಲೋ ಕ್ಯಾಮೆರಾದ ಒಳಗೋ ಕಂಪನ ತಡೆಯುವ ವ್ಯವಸ್ಥೆ ಇದ್ದರೆ ಕೆಲಸ ಆಗುತ್ತದೆ. ತೆರೆದು ಮುಚ್ಚಿ ಬೆಳಕನ್ನು ಒಳಬಿಡುವ ಶಟರಿನ ವೇಗವನ್ನು ಸೆಕೆಂಡಿನ ಎಂಟನೇ ಒಂದು ಭಾಗಕ್ಕೆ ಇಳಿಸಿದರೂ ಕಲ್ಲು ಚೂಪಾಗಿ ಬರುತ್ತದೆ.

ಇನ್ನೊಂದು, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳ ತಗಡಿನ ಥಿಯೇಟರಿನಲ್ಲಿ ರಾತ್ರಿ ಪ್ರದರ್ಶನ. ಇಲ್ಲಿ ಹಾಸ್ಯ ಪಾತ್ರಧಾರಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಕಂಪನ ತಡೆ ನಿಮ್ಮ ಕೈಯನ್ನು ಸ್ಥಿರ ಮಾಡುತ್ತದೆ, ಅವನನ್ನಲ್ಲ. ಇಲ್ಲಿ ಬೇಕಾದದ್ದು ಅಗಲ ಬಾಯಿಯ ಲೆನ್ಸ್. ಕಿಟ್‌ನಲ್ಲಿ ಬರುವ 18–55 ಲೆನ್ಸ್ ಉದ್ದ ಮಾಡಿದಾಗ ಅದರ ಬಾಯಿ ಎಫ್ 5.6ಕ್ಕೆ ಕಿರಿದಾಗುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಕಡಿಮೆ ಬೆಲೆಗೆ ಸಿಗುವ 50 ಮಿ.ಮೀ. ಎಫ್ 1.8 ಲೆನ್ಸ್ ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ 1/25 ಸೆಕೆಂಡ್ ಬೇಕಾಗಿದ್ದ ಚಿತ್ರ ಇದರಲ್ಲಿ 1/250ಕ್ಕೆ ಮುಗಿಯುತ್ತದೆ. ಮುಖ ಮಸುಕಾಗುವುದಕ್ಕೂ ಕಣ್ಣಿನ ಕಾಡಿಗೆಯ ಗೆರೆ ಕಾಣುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ನನ್ನ ಅಭಿಪ್ರಾಯ ಸ್ಪಷ್ಟ: ನಿಮ್ಮ ಪಟ್ಟಿಯಲ್ಲಿ ಕತ್ತಲೆ ಮೊದಲ ಸ್ಥಾನದಲ್ಲಿದ್ದರೆ ಹಳೆಯ ಎಪಿಎಸ್-ಸಿ ಕ್ಯಾಮೆರಾ ಮತ್ತು ಎಫ್ 1.8 ಲೆನ್ಸ್ ಎಂಬ ಜೋಡಿ, ಹೊಸ ಕ್ಯಾಮೆರಾ ಮತ್ತು ಕಿಟ್ ಲೆನ್ಸ್ ಎಂಬ ಜೋಡಿಯನ್ನು ಸೋಲಿಸುತ್ತದೆ.

ಗೋಲಗುಮ್ಮಟದ ಬಗ್ಗೆ ಒಂದು ಮಾತು. ಅದರ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಳಗೆ ನಿಂತು ಇಡೀ ಒಳಾಂಗಣವನ್ನು ಹಿಡಿಯಲು ಕಿಟ್ ಲೆನ್ಸಿನ 18 ಮಿ.ಮೀ. ಸಾಲದು, ಇನ್ನೂ ಅಗಲ ನೋಟದ 10–11 ಮಿ.ಮೀ. ಲೆನ್ಸ್ ಬೇಕಾಗುತ್ತದೆ. ಆದರೆ ಅದೊಂದು ಚಿತ್ರಕ್ಕಾಗಿ ಅಗಲ ಕೋನದ ಲೆನ್ಸ್ ಕೊಳ್ಳಬೇಡಿ. ಮೊಬೈಲಿನ ಅಲ್ಟ್ರಾವೈಡ್ ಅಲ್ಲಿ ಸೋಲುವುದಿಲ್ಲ. ಹೊರಗೆ ಹಿಂದೆ ಸರಿಯಲು ಉದ್ಯಾನವಂತೂ ಇದ್ದೇ ಇದೆ.

ಹೆಜ್ಜೆ 4: ದೂರದ ಲೆಕ್ಕ

ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳು ಬಂದವೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ ಹಲವರಿಗೆ ಕ್ಯಾಮೆರಾದ ಆಸೆ ಹುಟ್ಟುತ್ತದೆ. ಕೆಸರಿನ ಆಚೆ, ನೀರಿನ ನಡುವೆ ನಿಂತ ಹಕ್ಕಿ ಮೊಬೈಲಿನಲ್ಲಿ ಗುಲಾಬಿ ಚುಕ್ಕೆಯಾಗಿಯೇ ಉಳಿಯುತ್ತದೆ. ಯಡಹಳ್ಳಿಯ ಚಿಂಕಾರ ಹುಲ್ಲೆಗಳೂ ಹಾಗೆಯೇ; ನಿಮ್ಮನ್ನು ಕಂಡ ಕೂಡಲೇ ಕುರುಚಲು ಗುಡ್ಡದ ಮರೆ ಸೇರುತ್ತವೆ.

ದೂರಕ್ಕೆ ಎರಡು ದಾರಿ. ಮೊದಲನೆಯದು ಬ್ರಿಡ್ಜ್ ಕ್ಯಾಮೆರಾ. ನಿಕಾನ್ ಪಿ950ರಂಥದ್ದು 24ರಿಂದ 2000 ಮಿ.ಮೀ.ವರೆಗಿನ ನೋಟಕ್ಕೆ ಸಮನಾದ 83 ಪಟ್ಟು ಆಪ್ಟಿಕಲ್ ಜೂಮ್ ಕೊಡುತ್ತದೆ. ಲೆನ್ಸ್ ಬದಲಿಸುವ ಗೊಡವೆ ಇಲ್ಲ. ಆದರೆ ಸೆನ್ಸರ್ ಅದೇ ಚಿಕ್ಕ 28 ಚದರ ಮಿಲಿಮೀಟರಿನದು. ಬೆಳಗಿನ ಎಂಟು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ ಹಿನ್ನೀರಿನ ಹಕ್ಕಿಯನ್ನು ಅದು ಅಚ್ಚರಿಯಾಗುವಂತೆ ಹಿಡಿಯುತ್ತದೆ. ಅದನ್ನೇ ಖಾನಾಪುರದ ಕಡೆ ಭೀಮಗಡದ ದಟ್ಟ ಕಾಡಿಗೆ ಒಯ್ದರೆ ಮರದ ನೆರಳಿನಲ್ಲಿ ಅದರ ಆಟ ನಡೆಯುವುದಿಲ್ಲ.

ಎರಡನೆಯದು, ಎಪಿಎಸ್-ಸಿ ಕ್ಯಾಮೆರಾಕ್ಕೆ 55–250 ಅಥವಾ 70–300 ಲೆನ್ಸ್. ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದಾದ್ದರಿಂದ ನೋಟ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು ಕಿರಿದಾಗಿ, 250 ಮಿ.ಮೀ. ಎಂಬುದು 400ರಂತೆ ಕೆಲಸ ಮಾಡುತ್ತದೆ. ಬ್ರಿಡ್ಜ್‌ನಷ್ಟು ಉದ್ದವಲ್ಲ. ಆದರೆ ಹತ್ತಿರಕ್ಕೆ ಬರುವ ಮಿಂಚುಳ್ಳಿ, ಕೊಕ್ಕರೆ, ಹೊಲದ ನವಿಲುಗಳ ಗರಿ ಗರಿಯೂ ಕಾಣುತ್ತದೆ. ಘಟಪ್ರಭಾ ಪಕ್ಷಿಧಾಮಕ್ಕೆ ಹೋಗಿ ತಾಳ್ಮೆಯಿಂದ ಕೂರಬಲ್ಲವರಿಗೆ ನಾನು ಇದನ್ನೇ ಹೇಳುತ್ತೇನೆ. ಒಮ್ಮೆ ಹೋಗಿ ಬೇಗ ಮರಳುವವರಿಗೆ ಬ್ರಿಡ್ಜ್ ಸರಿ.

ಜೂಮ್ ಅಂಕಿಗಳನ್ನು ಓದುವಾಗ ‘ಆಪ್ಟಿಕಲ್’ ಎಂಬ ಮಾತು ಇದೆಯೇ ನೋಡಿ. ‘ಡಿಜಿಟಲ್ ಜೂಮ್’ ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು, ಅದನ್ನು ಮನೆಯಲ್ಲಿ ನೀವೇ ಮಾಡಬಹುದು. ಇನ್ನೊಂದು, ಯಾವ ಅಂಗಡಿಯವರೂ ಹೇಳದ ಮಾತು: ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೂರದ ವಸ್ತುವನ್ನು ನೀರಿನೊಳಗಿದ್ದಂತೆ ನಡುಗಿಸುತ್ತದೆ. ಐದು ಲಕ್ಷದ ಲೆನ್ಸೂ ಅದನ್ನು ಸರಿಪಡಿಸಲಾರದು. ಬೆಳಿಗ್ಗೆ ಬೇಗ ಏಳುವುದಕ್ಕೆ ಖರ್ಚಿಲ್ಲ.

ಹೆಜ್ಜೆ 5: ಓಟ

ಕಾರ ಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತುಗಳನ್ನು, ಕುಸ್ತಿ ಕಣದಲ್ಲಿ ಎದುರಾಳಿಯನ್ನು ಎತ್ತಿ ಒಗೆಯುವ ಪೈಲ್ವಾನನನ್ನು ಹಿಡಿಯಲು ಶಟರ್ 1/1000 ಸೆಕೆಂಡಿಗೆ ಏರಬೇಕು, ಫೋಕಸ್ ಬೆನ್ನಟ್ಟಿ ಹೋಗಬೇಕು. ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಹಲವು ಮನುಷ್ಯರ ಕಣ್ಣು, ಪ್ರಾಣಿ, ವಾಹನಗಳನ್ನು ತಾವೇ ಗುರುತಿಸಿ ಬೆನ್ನುಹತ್ತುತ್ತವೆ. ಹಣ ಇದ್ದರೆ ಈ ಒಂದು ಕಾರಣಕ್ಕೆ ಹೊಸದನ್ನು ಕೊಳ್ಳುವುದು ಸಾರ್ಥಕ. ಇಲ್ಲವಾದರೆ ಹಳೆಯ ಡಿಎಸ್‌ಎಲ್‌ಆರ್‌ನ ಕಣ್ಣುಗೂಡಿನ (ವ್ಯೂಫೈಂಡರ್) ಮೂಲಕ ನೋಡಿ ತೆಗೆಯಿರಿ. ಹಿಂದಿನ ಪರದೆಯಲ್ಲಿ ನೋಡುತ್ತ ತೆಗೆದರೆ ಅವುಗಳಲ್ಲಿ ಹೆಚ್ಚಿನವು ನಿಧಾನ.

ಹೆಜ್ಜೆ 6: ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್

ಕಂಪನಿಗಳ ಹೊಸ ಲೆನ್ಸ್‌ಗಳು, ಹೊಸ ಮಾದರಿಗಳು ಈಗ ಬಹುತೇಕ ಮಿರರ್‌ಲೆಸ್ ಕಡೆಗೇ ಬರುತ್ತಿವೆ. ಹತ್ತು ವರ್ಷದ ಯೋಚನೆ ಇದ್ದರೆ ಅತ್ತ ಹೋಗಿ. ಎರಡು ಮೂರು ವರ್ಷ ಕಲಿಯುವ ಯೋಚನೆ ಇದ್ದರೆ ಬಳಸಿದ ಡಿಎಸ್‌ಎಲ್‌ಆರ್‌ಗೆ ಸಾಟಿ ಇಲ್ಲ. ಜನ ಬಿಟ್ಟು ಹೋಗುತ್ತಿರುವುದರಿಂದಲೇ ಅದರ ಲೆನ್ಸುಗಳು ಅಗ್ಗ.

ಎರಡು ವ್ಯತ್ಯಾಸಗಳು ನಮ್ಮ ಕಡೆಯವರಿಗೆ ಮುಖ್ಯ. ಒಂದು ಬ್ಯಾಟರಿ. ನಿಕಾನ್ ಡಿ3500 ಎಂಬ ಡಿಎಸ್‌ಎಲ್‌ಆರ್ ಒಂದು ಚಾರ್ಜಿನಲ್ಲಿ 1,550 ಚಿತ್ರ ತೆಗೆಯುತ್ತದೆ ಎಂಬುದು ಕಂಪನಿಯ ಲೆಕ್ಕ. ಆರಂಭಿಕ ದರ್ಜೆಯ ಮಿರರ್‌ಲೆಸ್‌ಗಳದು ಸಾಮಾನ್ಯವಾಗಿ ಮುನ್ನೂರು ನಾನೂರು. ದಿನವಿಡೀ ಜಾತ್ರೆಯಲ್ಲಿ ಸುತ್ತುವವರು ಮಿರರ್‌ಲೆಸ್ ಜೊತೆಗೆ ಇನ್ನೊಂದು ಬ್ಯಾಟರಿಯ ಬೆಲೆಯನ್ನೂ ಸೇರಿಸಿಕೊಳ್ಳಿ.

ಎರಡನೆಯದು ಕಣ್ಣುಗೂಡು. ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಮುಂತಾದವುಗಳಲ್ಲಿ ಅದು ಇಲ್ಲ, ಹಿಂದಿನ ಪರದೆಯೇ ಗತಿ. ಅಂಗಡಿಯ ನೆರಳಿನಲ್ಲಿ ಆ ಪರದೆ ಫಳಫಳ ಹೊಳೆಯುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಪಟ್ಟದಕಲ್ಲಿನ ಅಂಗಳದಲ್ಲಿ ನಿಂತರೆ ಅದರಲ್ಲಿ ನಿಮ್ಮ ಮುಖವಷ್ಟೇ ಕಾಣುತ್ತದೆ. ಮನೆಯೊಳಗೆ ವಿಡಿಯೊ ಮಾಡುವವರಿಗೆ ಅವು ಒಳ್ಳೆಯ ಕ್ಯಾಮೆರಾಗಳೇ. ಬಿಸಿಲಿನಲ್ಲಿ ಅಲೆಯುವವರು ಕಣ್ಣುಗೂಡು ಇಲ್ಲದ್ದನ್ನು ಕೊಳ್ಳಬೇಡಿ.

ಲೆನ್ಸ್ ಕೂರಿಸುವ ಮೌಂಟ್ ಎಂಬುದು ಸೊಸೆ ತರುವ ಮೊದಲು ನೋಡುವ ಮನೆತನದಂತೆ. ಒಮ್ಮೆ ಒಳಗೆ ಬಂದ ಮೇಲೆ ಇಡೀ ಬಳಗದೊಂದಿಗೆ ಬಾಳಬೇಕು. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್‌ಎಫ್ ಮೌಂಟಿನ ಕ್ಯಾಮೆರಾಗಳಲ್ಲಿ ನಡೆಯುತ್ತವೆ, ಆದರೆ ಆರ್‌ಎಫ್ ಲೆನ್ಸ್ ಹಳೆಯ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಕ್ಯಾನನ್‌ನ ಇಒಎಸ್-ಎಂ ಸಾಲು ನಿಂತು ಹೋಗಿದೆ, ಅದರ ಲೆನ್ಸ್ ಆರ್‌ಎಫ್‌ಗೆ ಆಗುವುದಿಲ್ಲ; ಅಗ್ಗಕ್ಕೆ ಸಿಕ್ಕಿತೆಂದು ಹಾರಬೇಡಿ. ನಿಕಾನ್ ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಸ್ಟುಡಿಯೊದವರು ಮಾರುವ ಹಳೆಯ 50 ಮಿ.ಮೀ. ಎಫ್ 1.8 ಡಿ ಲೆನ್ಸನ್ನು ಅವಕ್ಕೆ ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು.

ಹೆಜ್ಜೆ 7: ವಿಡಿಯೊ ಮಾಡುವವರು ಮೊದಲು ಕಿವಿ ಕೊಡಿ

ಅಡುಗೆ, ಒಕ್ಕಲುತನ, ಭಜನೆ, ಪ್ರವಚನ, ಯಾವುದೇ ಚಾನೆಲ್ ಇರಲಿ, ಚಿತ್ರ ಸ್ವಲ್ಪ ಮಸುಕಾಗಿದ್ದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಮುಂದೆ ಹೋಗುತ್ತಾರೆ. ಆದ್ದರಿಂದ 4ಕೆ ಎಂಬ ಅಕ್ಷರಕ್ಕಿಂತ ಮೊದಲು ಮೈಕ್ ಜೋಡಿಸುವ ರಂಧ್ರ ಇದೆಯೇ ನೋಡಿ. ಬಹಳ ಮಂದಿ ಕೊಂಡ ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲಿಯೂ ಅದು ಇಲ್ಲ. ಹೊಲದಲ್ಲಿ ಗಾಳಿ ಬೀಸುವಾಗ ಕ್ಯಾಮೆರಾದ ಒಳಗಿನ ಮೈಕಿನಲ್ಲಿ ದಾಖಲಾಗುವುದು ಗಾಳಿಯ ಭಾಷಣ.

ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ. ಯುರೋಪಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ದಾಖಲಿಸುವ ಯಂತ್ರವನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದುದರಿಂದ ಕಂಪನಿಗಳು ಮಾಡಿಕೊಂಡ ಉಪಾಯ ಇದು. ಅಲ್ಲಿನ ಸುಂಕದ ಫಲವನ್ನು ಇಲ್ಲಿ ಶ್ರಾವಣದ ಪ್ರವಚನ ದಾಖಲಿಸುವವರು ಉಣ್ಣುತ್ತಾರೆ. ಹೊಸ ಮಾದರಿಗಳಲ್ಲಿ ಹಲವಕ್ಕೆ ಈ ಮಿತಿ ಇಲ್ಲ, ಆದರೆ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ 4ಕೆ ಓಡಿಸಿದರೆ ಚಿಕ್ಕ ಕ್ಯಾಮೆರಾ ಕಾದು ಆರಿಹೋಗಬಹುದು. ಒಂದು ಗಂಟೆ ಮೀರಿದ ಕಾರ್ಯಕ್ರಮಗಳಿಗೆ ಫುಲ್ ಎಚ್‌ಡಿ ಸಾಕು. 4ಕೆ ಬೇಕೇ ಬೇಕು ಎನ್ನುವವರು ಇನ್ನೊಂದನ್ನು ವಿಚಾರಿಸಿ: ಕ್ಯಾನನ್ ಆರ್100ರಂಥ ಕೆಲವು ಮಾದರಿಗಳು 4ಕೆ ಮಾಡುವಾಗ ಸೆನ್ಸರಿನ ನಡುಭಾಗವನ್ನು ಮಾತ್ರ ಬಳಸುತ್ತವೆ. ಚಿಕ್ಕ ಅಡುಗೆಮನೆಯಲ್ಲಿ ಆಗ ಒಲೆ ಕಂಡರೆ ಪಾತ್ರೆ ಕಾಣುವುದಿಲ್ಲ.

ಹೆಜ್ಜೆ 8: ದುಡಿಮೆಗಾಗಿ ಕೊಳ್ಳುವವರಿಗೆ

ಮದುವೆ, ಸೀಮಂತ, ಮನೆಶಾಂತಿಯ ಆರ್ಡರ್ ಹಿಡಿಯುವವರು ಬೇರೆ ಯಾವುದರಲ್ಲಿ ಉಳಿಸಿದರೂ ಎರಡು ಕಾರ್ಡ್ ಕೂರುವ ಕ್ಯಾಮೆರಾದಲ್ಲಿ ಉಳಿಸಬಾರದು. ಒಂದು ಕಾರ್ಡ್ ಕೆಟ್ಟರೂ ಇನ್ನೊಂದರಲ್ಲಿ ಪ್ರತಿ ಇರುತ್ತದೆ. ಅಕ್ಷತೆ ಎರಡನೇ ಸಲ ಬೀಳುವುದಿಲ್ಲ. ಆರಂಭಿಕ ದರ್ಜೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ ಕಿಂಡಿ. ಅಂಥದ್ದರಿಂದಲೇ ಆರಂಭಿಸಬೇಕಾದರೆ ಎರಡು ಹಳೆಯ ಕ್ಯಾಮೆರಾ ಕೊಳ್ಳಿ, ಮುಖ್ಯ ಶಾಸ್ತ್ರಗಳನ್ನು ಎರಡರಲ್ಲಿಯೂ ತೆಗೆಯಿರಿ.

ಫ್ಲ್ಯಾಶ್ ಬಗ್ಗೆ ಒಂದು ಎಚ್ಚರಿಕೆ. ಕ್ಯಾನನ್ 200ಡಿ ಮಾರ್ಕ್ 2, 3000ಡಿ ಮಾದರಿಗಳಲ್ಲಿ ಫ್ಲ್ಯಾಶ್ ಕೂರುವ ಜಾಗದ ನಡುವಿನ ಪಿನ್ನನ್ನು ಕಂಪನಿ ತೆಗೆದುಹಾಕಿದೆ. ಸ್ಟುಡಿಯೊಗಳಲ್ಲಿ ಬಳಸುವ ದೂರದ ಲೈಟನ್ನು ಬೆಳಗಿಸುವ ಒಂಟಿ ಪಿನ್ನಿನ ಅಗ್ಗದ ಟ್ರಿಗರ್‌ಗಳು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಲೈಟುಗಳಿದ್ದರೆ ಟ್ರಿಗರನ್ನೂ ಅಂಗಡಿಗೆ ಒಯ್ದು ಹಾಕಿ ನೋಡಿ.

ಹೆಜ್ಜೆ 9: ಹಣವನ್ನು ಪಾಲು ಮಾಡಿ

ಕೈಯಲ್ಲಿರುವ ಮೊತ್ತವನ್ನೆಲ್ಲ ಕ್ಯಾಮೆರಾದ ಬಾಡಿಯೊಂದಕ್ಕೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಕಾರ್ಡ್, ಎರಡನೇ ಬ್ಯಾಟರಿ, ಚೀಲ, ಧೂಳು ಊದುವ ರಬ್ಬರ್ ಬುರುಡೆಗಳಿಗೆ ತೆಗೆದಿಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) 25–30 ಎಂಬಿ ಇರುತ್ತದೆ, 64 ಜಿಬಿ ಕಾರ್ಡಿನಲ್ಲಿ ಎರಡು ಸಾವಿರದ ಆಸುಪಾಸು. ವಿಡಿಯೊಕ್ಕೆ ಕಾರ್ಡಿನ ಮೇಲೆ ವಿ30 ಎಂಬ ಗುರುತಿರಲಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂದರ್ಥ. ಸಂತೆಯ ಬೆಲೆಗೆ ಸಿಗುವ ಕಾರ್ಡುಗಳಲ್ಲಿ ನಕಲಿ ಹೆಚ್ಚು. ತಂದ ದಿನವೇ ಪೂರ್ತಿ ತುಂಬಿಸಿ, ಎಲ್ಲ ಫೈಲುಗಳೂ ತೆರೆಯುತ್ತವೆಯೇ ನೋಡಿ. ‘ಉಚಿತ’ ಎಂದು ಕೊಡುವ ಟ್ರೈಪಾಡನ್ನು ಮಕ್ಕಳಿಗೆ ಆಡಲು ಕೊಡಬಹುದು.

ಹೆಜ್ಜೆ 10: ಅಂಗಡಿಯಲ್ಲಿ

ನಿಮ್ಮದೇ ಕಾರ್ಡ್ ಒಯ್ಯಿರಿ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಐದು ನಿಮಿಷ ನಿಲ್ಲಿ. ಕಿರುಬೆರಳು ಕೆಳಗೆ ಜೋತಾಡಿದರೆ ದೊಡ್ಡ ಲೆನ್ಸ್ ಹಾಕಿದಾಗ ಮಣಿಕಟ್ಟು ನೋಯುತ್ತದೆ. ಬಾಗಿಲ ಹೊರಗೆ ಬಿಸಿಲಿಗೆ ಬಂದು ಪರದೆ ನೋಡಿ. ಅಂಗಡಿಯ ಕತ್ತಲ ಮೂಲೆಯಲ್ಲಿ ಐಎಸ್ಒ ಎಂಬ ಬೆಳಕಿನ ಸೂಕ್ಷ್ಮತೆಯನ್ನು 3200, 6400ಕ್ಕೆ ಇಟ್ಟು ಚಿತ್ರ ತೆಗೆದು ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಎರಡು ಮೂರು ಮಾದರಿಗಳಲ್ಲಿ ಒಂದೇ ಮೂಲೆಯನ್ನು ತೆಗೆದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ‘ಅಣ್ಣಾ, ಇವತ್ತೇ ಕೊಂಡರೆ ಚೀಲ ಉಚಿತ’ ಎಂದರೆ ‘ನಾಳೆ ಬರುತ್ತೇನೆ’ ಎನ್ನಿ. ಚೀಲ ನಾಳೆಯೂ ಇರುತ್ತದೆ.

ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂಬ ಮಾತು ಬಂದರೆ ಅದು ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಸರಕಾಗಿರಬಹುದು. ಕಂಪನಿಯ ಭಾರತದ ವಾರಂಟಿ ಅದಕ್ಕೆ ಸಿಗುವುದಿಲ್ಲ. ಕ್ಯಾಮೆರಾದ ಮೇಲಿನ ಜಿಎಸ್‌ಟಿ ಶೇ 18. ಬಿಲ್ಲಿನಲ್ಲಿ ಬಾಡಿ ಮತ್ತು ಲೆನ್ಸ್ ಎರಡರ ಸೀರಿಯಲ್ ಸಂಖ್ಯೆಯನ್ನೂ ಬರೆಸಿಕೊಳ್ಳಿ. ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಎಂದು ಕೊಳ್ಳುವ ಮೊದಲೇ ಕೇಳಿ.

ಹೆಜ್ಜೆ 11: ಬಳಸಿದ್ದನ್ನು ಕೊಳ್ಳುವಾಗ

ಮೊದಲು ಲೆನ್ಸ್ ಬಿಚ್ಚಿಸಿ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಾಯಿಸಿ ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡನ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು, ಬಿಟ್ಟು ಬನ್ನಿ. ಆಮೇಲೆ ಬಾಯಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ಬರಿಯ ಆಕಾಶದ ಚಿತ್ರ ತೆಗೆಯಿರಿ. ಕಪ್ಪು ಮಚ್ಚೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ತೊಳೆಸಬಹುದು, ಬೆಲೆ ಇಳಿಸಲು ಕಾರಣವೂ ಆಗುತ್ತದೆ.

ಶಟರ್ ಎಷ್ಟು ಸಲ ಬಡಿದಿದೆ ಎಂಬುದು ವಾಹನದ ಕಿಲೋಮೀಟರ್ ಓದಿಗೆ ಸಮ. ನಿಕಾನ್ ಕ್ಯಾಮೆರಾಗಳು ಈ ಸಂಖ್ಯೆಯನ್ನು ಚಿತ್ರದ ಫೈಲಿನಲ್ಲಿಯೇ ಬರೆಯುತ್ತವೆ. ಕ್ಯಾನನ್‌ನ ಹಲವು ಮಾದರಿಗಳಿಗೆ ಬೇರೆ ಸಾಫ್ಟ್‌ವೇರ್ ಬೇಕು. ಡಿ3500ರ ಶಟರ್ ಪರೀಕ್ಷೆಯಾಗಿರುವುದು 1 ಲಕ್ಷ ಬಡಿತಕ್ಕೆ. ಮದುವೆಗೆ ಎರಡು ಸಾವಿರ ಚಿತ್ರ ತೆಗೆಯುವ ಸ್ಟುಡಿಯೊದಲ್ಲಿ ಐವತ್ತು ಮದುವೆಗೆ ಆ ಲೆಕ್ಕ ಮುಗಿಯುತ್ತದೆ. ‘ಮನೆಯಲ್ಲಿ ಮಾತ್ರ ಬಳಸಿದ್ದು’ ಎಂದವರ ಮಾತನ್ನು ಈ ಸಂಖ್ಯೆ ತಾಳೆ ನೋಡುತ್ತದೆ. ಹಳೆಯ ಬಿಲ್ ಮತ್ತು ಸೀರಿಯಲ್ ಸಂಖ್ಯೆ ಹೊಂದದಿದ್ದರೆ ಕಳವಿನ ಮಾಲು ಇರಬಹುದು, ಎದ್ದು ಬನ್ನಿ.

ಹೆಜ್ಜೆ 12: ಊರಿಗೆ ತಕ್ಕ ಕಾಳಜಿ

ಖಾನಾಪುರ, ಕಣಕುಂಬಿಯ ಕಡೆ ಮತ್ತು ಬೆಳಗಾವಿ ನಗರದಲ್ಲಿಯೂ ಮಳೆಗಾಲದ ಶತ್ರು ತೇವ. ಕ್ಯಾಮೆರಾವನ್ನು ಚೀಲದಲ್ಲಿಟ್ಟು ಕಪಾಟಿಗೆ ತುರುಕಿದರೆ ದೀಪಾವಳಿಯ ಹೊತ್ತಿಗೆ ಲೆನ್ಸಿನೊಳಗೆ ಬೂಷ್ಟು ಹಬ್ಬಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ತೇವ ಅಳೆಯುವ ಚಿಕ್ಕ ಮಾಪಕ ಇಷ್ಟಿದ್ದರೆ ಸಾಕು. ತೇವಾಂಶ ಶೇ 40ರಿಂದ 50ರೊಳಗೆ ಇರಲಿ.

ವಿಜಯಪುರ, ಬಾಗಲಕೋಟೆಯಲ್ಲಿ ಶತ್ರು ಧೂಳು. ಜಾತ್ರೆಗೆ ಹೋಗುವವರಿಗೆ ಭಂಡಾರವೂ ಸೇರುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಆ ಹಳದಿ ಪುಡಿ ಗಾಳಿಯಲ್ಲಿ ತೇಲುತ್ತಿರುವಾಗ ಲೆನ್ಸ್ ಬದಲಿಸಿದರೆ ಸೆನ್ಸರಿಗೂ ಪೂಜೆಯಾಗುತ್ತದೆ. ಬಾಗಲಕೋಟೆಯ ಹೋಳಿಯಲ್ಲಿ ಬಣ್ಣದ ಬಂಡಿಗಳ ನಡುವೆ ನಿಲ್ಲುವವರು ಬೆಳಿಗ್ಗೆ ಮನೆಯಲ್ಲಿಯೇ ಒಂದು ಲೆನ್ಸ್ ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಸಂಜೆಯವರೆಗೆ ಬಿಚ್ಚಬೇಡಿ. ಮರಳಿದ ಮೇಲೆ ಮೊದಲು ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬಟ್ಟೆ. ಒಣ ಧೂಳಿನ ಮೇಲೆ ನೇರವಾಗಿ ಬಟ್ಟೆ ಎಳೆದರೆ ಗಾಜು ಗೀಚಿಹೋಗುತ್ತದೆ.

ಹೊಸದಾಗಿ ತಂದದ್ದಾದರೆ ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ ಒಂದು ಜಾತ್ರೆ, ಒಂದು ಮದುವೆ ಅಥವಾ ಒಂದು ಸಂತೆಗೆ ಒಯ್ದು ಬ್ಯಾಟರಿ ಪೂರ್ತಿ ಮುಗಿಯುವವರೆಗೆ ತೆಗೆಯಿರಿ. ಚಿತ್ರದ ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ಒಂದು ಬದಿ ಮಾತ್ರ ಸದಾ ಮಸುಕಾಗಿದ್ದರೆ ಅದು ಲೆನ್ಸಿನ ದೋಷ. ಬಿಲ್ ಮತ್ತು ಡಬ್ಬಿ ಸಮೇತ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ.